ದಾನ ಎಲ್ಲರದು, ಕಸಿ ಕೆಲವರದು

2025ರ ಆಗಸ್ಟ್ 1ರ ರಾತ್ರಿ ವೈಟ್‌ಫೀಲ್ಡ್ ಕಡೆಯಿಂದ ರಾಜರಾಜೇಶ್ವರಿನಗರದ ಆಸ್ಪತ್ರೆಯೊಂದಕ್ಕೆ ಮೆಟ್ರೊ ರೈಲಿನಲ್ಲಿ ಒಂದು ಯಕೃತ್ತನ್ನು ಸಾಗಿಸಲಾಯಿತು. ಮರುತಿಂಗಳು ನಮ್ಮ ಪೀಣ್ಯದ ಮಗ್ಗುಲಿನ ಗೊರಗುಂಟೆಪಾಳ್ಯ ನಿಲ್ದಾಣದಿಂದ ಒಂದು ಹೃದಯ ಹಾಗೆಯೇ ಪ್ರಯಾಣ ಮಾಡಿತು. ತೀರಿಹೋದವರ ಅಂಗ ಬದುಕಬೇಕಾದವರನ್ನು ಹೊತ್ತಿಗೆ ಸರಿಯಾಗಿ ಸೇರಲೆಂದು ರೈಲಿನವರು, ಪೊಲೀಸರು, ವೈದ್ಯರು ಒಂದಾಗಿ ದುಡಿದರು. ಇದನ್ನು ಕೇಳಿ ಸಂತೋಷಪಡದವರಾರು?

ಆದರೆ ಸಂತೋಷದ ಬೆನ್ನಿಗೇ ಒಂದು ಪ್ರಶ್ನೆ ಏಳುತ್ತದೆ. ಅಂಗಕ್ಕೆ ಇಷ್ಟು ಬೇಗ ದಾರಿ ಬಿಡುವ ವ್ಯವಸ್ಥೆ, ಆ ಅಂಗಕ್ಕಾಗಿ ಕಾದು ಕುಳಿತ ಬಡವನಿಗೂ ಅಷ್ಟೇ ಬೇಗ ದಾರಿ ಬಿಡುತ್ತದೆಯೆ?

ಹಿಂದಿನದನ್ನು ಸ್ವಲ್ಪ ನೆನೆಯೋಣ. ಒಂದು ಕಾಲಕ್ಕೆ ಬೆಂಗಳೂರು ಕಿಡ್ನಿ ವ್ಯಾಪಾರಕ್ಕೆ ಕುಖ್ಯಾತವಾಗಿತ್ತು. ಸಾಲದಲ್ಲಿ ಮುಳುಗಿದವರನ್ನು ದಲ್ಲಾಳಿಗಳು ಕರೆತಂದು, ಚಿಲ್ಲರೆ ಹಣ ಕೊಟ್ಟು ಕಿಡ್ನಿ ತೆಗೆಸುತ್ತಿದ್ದರು. 1995ರಲ್ಲಿ ಇಲ್ಲಿನ ಜಾಲ ಬಯಲಿಗೆ ಬಂದು ದೇಶವೆಲ್ಲ ತಲೆತಗ್ಗಿಸುವಂತಾಯಿತು. 1994ರ ಅಂಗಾಂಗ ಕಸಿ ಕಾಯಿದೆ ಈ ಮಾರಾಟವನ್ನು ಅಪರಾಧವೆಂದು ಸಾರಿತು. 2011ರ ತಿದ್ದುಪಡಿ ಶಿಕ್ಷೆಯನ್ನು ಹತ್ತು ವರ್ಷಗಳ ಸೆರೆವಾಸದವರೆಗೆ, ದಂಡವನ್ನು ಒಂದು ಕೋಟಿ ರೂಪಾಯಿಯವರೆಗೆ ಏರಿಸಿತು. ಬಡವನ ಒಡಲಿನಿಂದ ಕಸಿದುಕೊಳ್ಳುವುದನ್ನು ಕಾನೂನು ತಡೆಯಿತು, ಒಳ್ಳೆಯದೇ. ಆದರೆ ಬಡವನ ಒಡಲಿಗೆ ಕೊಡಿಸುವ ಕೆಲಸ ಇನ್ನೂ ಅರ್ಧಕ್ಕೇ ನಿಂತಿದೆ.

ಮಿದುಳು ನಿಷ್ಕ್ರಿಯವಾದವರ ಅಂಗಗಳನ್ನು ಹಂಚಲು ನಮ್ಮ ರಾಜ್ಯದಲ್ಲಿ ಈಗ 'ಜೀವಸಾರ್ಥಕತೆ' ಎಂಬ ಸರ್ಕಾರಿ ಸಂಸ್ಥೆಯಿದೆ. ಅದರ ಮೂಲಕ 2023ರಲ್ಲಿ 178 ಮಂದಿಯ ಕುಟುಂಬಗಳು ಅಂಗದಾನ ಮಾಡಿದವು. ದಾನಿಗಳಲ್ಲಿ ರಸ್ತೆಯ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದವರು ಅನೇಕರು. ಬೈಕಿನಲ್ಲಿ ಕೆಲಸಕ್ಕೆ ಹೊರಟವರು, ಸಂತೆ ಮುಗಿಸಿ ಬರುತ್ತಿದ್ದವರು, ನಮ್ಮಂಥವರೇ. ಮಗನ ಹೆಣದ ಮುಂದೆ ಕುಳಿತು ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ತಾಯಿ, ಅಂಗ ಯಾವ ಜಾತಿಯವನಿಗೆ, ಎಷ್ಟು ಸಂಬಳದವನಿಗೆ ಹೋಗುತ್ತದೆ ಎಂದು ಕೇಳುವುದಿಲ್ಲ. ಆಕೆ ಕೊಟ್ಟದ್ದು ಸಮಾಜಕ್ಕೆ. ಸಮಾಜಕ್ಕೆ ಸಂದ ಆಸ್ತಿಯನ್ನು ಸಮಾಜದ ನ್ಯಾಯದಂತೆ ಹಂಚಬೇಕಾದುದು ಧರ್ಮ.

ಹಂಚಿಕೆಗೆ ಪಟ್ಟಿಯಿದೆ, ಸರದಿಯಿದೆ, ನಿಜ. ಆದರೆ ಆ ಪಟ್ಟಿಗೆ ಹೆಸರು ಸೇರುವುದು ಕಸಿ ಮಾಡುವ ಆಸ್ಪತ್ರೆಯ ಮೂಲಕ. ಆ ಆಸ್ಪತ್ರೆಗಳಲ್ಲಿ ಹೆಚ್ಚಿನವು ಖಾಸಗಿಯವು, ಹೆಚ್ಚಿನವು ಬೆಂಗಳೂರಿನವು. ಪರೀಕ್ಷೆಗಳ ಖರ್ಚು ಭರಿಸಲಾರದವನು, ಕರೆ ಬಂದಾಗ ಕೆಲವೇ ಗಂಟೆಗಳಲ್ಲಿ ನಗರ ತಲುಪಲಾರದವನು, ಸರದಿಯಲ್ಲಿ ಹಿಂದೆ ಬೀಳುವ ಮಾತು ಹಾಗಿರಲಿ, ಸರದಿಯಲ್ಲಿ ನಿಲ್ಲುವುದೇ ಇಲ್ಲ. 2023ರಲ್ಲಿ ಕೇಂದ್ರ ಸರ್ಕಾರ ನೋಂದಣಿಗೆ ಶುಲ್ಕ ಪಡೆಯಬಾರದೆಂದು ರಾಜ್ಯಗಳಿಗೆ ತಿಳಿಸಿತು. ಬಾಗಿಲ ಸುಂಕ ಹೋಯಿತು, ಬಾಗಿಲಿನವರೆಗಿನ ದಾರಿಯ ಖರ್ಚು ಉಳಿಯಿತು.

ಸರ್ಕಾರ ಏನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಕಿಡ್ನಿ ಕಸಿಗೆ ನೆಫ್ರೋ ಯುರಾಲಜಿ ಸಂಸ್ಥೆಯಿದೆ. ಯಕೃತ್ತಿನ ಕಸಿಗೆಂದು ಇನ್ನೊಂದು ಸಂಸ್ಥೆಯನ್ನೂ ಅಲ್ಲೇ ಕಟ್ಟಿದ್ದಾರೆ. 2018-19ರ ಮುಂಗಡಪತ್ರದಲ್ಲಿ ಬಡ ಕುಟುಂಬಗಳ ಕಸಿಗಾಗಿ 30 ಕೋಟಿ ರೂಪಾಯಿ ತೆಗೆದಿರಿಸಿದರು. ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಇದೆ. ಆದರೆ ವಾರಕ್ಕೆ ಎರಡು ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಯಂತ್ರಕ್ಕೆ ಕಟ್ಟಿಬಿದ್ದವನಿಗೆ ಯಾವ ಕಾರ್ಖಾನೆ ಪಾಳಿ ಕೊಟ್ಟೀತು? ಡಯಾಲಿಸಿಸ್ ಉಸಿರು ಉಳಿಸುತ್ತದೆ, ಕೂಲಿ ಉಳಿಸುವುದಿಲ್ಲ. ಕೂಲಿ ಮರಳಬೇಕಾದರೆ ಕಸಿಯೇ ಆಗಬೇಕು.

ಕಾರ್ಖಾನೆಯ ಕಾರ್ಮಿಕನಿಗೆ ಇ.ಎಸ್.ಐ. ಇಲ್ಲವೆ ಎಂದು ಕೇಳಬಹುದು. ಇದೆ. ಸಂಬಳದ ನೂರಕ್ಕೆ ಮುಕ್ಕಾಲು ಪಾಲನ್ನು ಕಾರ್ಮಿಕ, ಮೂರೂಕಾಲು ಪಾಲನ್ನು ಮಾಲೀಕ ಕಟ್ಟುತ್ತಾರೆ. ಕಿಡ್ನಿ ಕೆಟ್ಟವನಿಗೆ ಎರಡು ವರ್ಷಗಳವರೆಗೆ ಕೂಲಿಯ ನೂರಕ್ಕೆ ಎಂಬತ್ತರಷ್ಟು ಕೊಡುವ ನಿಯಮವೂ ಉಂಟು. ಆದರೆ ಅದಕ್ಕೆ ಎರಡು ವರ್ಷಗಳ ಬಿಡುವಿಲ್ಲದ ಕೆಲಸ ಬೇಕು. ವರ್ಷಕ್ಕೊಬ್ಬ ಗುತ್ತಿಗೆದಾರನ ಕೈಗೆ ಬೀಳುವ ಕಾರ್ಮಿಕ ಅದನ್ನು ಹೇಗೆ ತೋರಿಸಿಯಾನು? 2017ರಲ್ಲಿ 21,000 ರೂಪಾಯಿ ಎಂದು ಗೊತ್ತುಮಾಡಿದ ಸಂಬಳದ ಮಿತಿಯನ್ನು ದಾಟಿದವನು ಯೋಜನೆಯಿಂದಲೇ ಹೊರಗೆ. ಸಣ್ಣ ಅಂಗಡಿಕಾರನಿಗಂತೂ ಇ.ಎಸ್.ಐ. ಇಲ್ಲವೇ ಇಲ್ಲ. ಅವನ ಕೈಯಲ್ಲಿ ಎ.ಪಿ.ಎಲ್. ಕಾರ್ಡಿದ್ದರೆ, 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಗೊತ್ತುಪಡಿಸಿದ ದರದ ನೂರಕ್ಕೆ ಮೂವತ್ತು ಮಾತ್ರ ಸರ್ಕಾರದ್ದು. ಉಳಿದ ಎಪ್ಪತ್ತಕ್ಕೆ ಅಂಗಡಿ ಮಾರಬೇಕು. ಅಂಗಡಿ ಮಾರಿದ ಮೇಲೆ ಬಡವರ ಕಾರ್ಡು ಸಿಕ್ಕೀತು!

ಕಸಿಯೊಂದಿಗೆ ಕಷ್ಟ ಮುಗಿಯುವುದೂ ಇಲ್ಲ. ಹೊಸ ಅಂಗವನ್ನು ದೇಹ ತಿರಸ್ಕರಿಸದಂತೆ ಬದುಕಿರುವವರೆಗೂ ಮಾತ್ರೆ ನುಂಗಬೇಕು. ತಿಂಗಳ ಕೊನೆಗೆ ಕಾಸಿಲ್ಲದೆ ಮಾತ್ರೆ ತಪ್ಪಿಸಿದರೆ ದಾನಿಯ ತ್ಯಾಗ, ವೈದ್ಯರ ಶ್ರಮ, ಸರ್ಕಾರದ ಹಣ ಎಲ್ಲವೂ ನೀರುಪಾಲು.

ಇನ್ನು ಮನೆಯೊಳಗಿನ ಅಸಮಾನತೆ. ನಮ್ಮ ದೇಶದಲ್ಲಿ ಬಹುಪಾಲು ಕಸಿ ನಡೆಯುವುದು ಬದುಕಿರುವ ದಾನಿಯಿಂದ. 2023ರಲ್ಲಿ ದೇಶದಲ್ಲಿ ನಡೆದ ಕಸಿಗಳು 18,378. ಮರಣಾನಂತರದ ದಾನಿಗಳು 1,099 ಮಾತ್ರ. ಬದುಕಿರುವ ದಾನಿಗಳಲ್ಲಿ ಹೆಚ್ಚಿನವರು ಹೆಂಡತಿ, ತಾಯಿ, ಅಕ್ಕತಂಗಿಯರು. ಪಡೆದವರಾರು? 1995ರಿಂದ 2021ರವರೆಗಿನ ರಾಷ್ಟ್ರೀಯ ಲೆಕ್ಕದಲ್ಲಿ 36,640 ಕಸಿಗಳ ಪೈಕಿ ಗಂಡಸರು 29,695, ಹೆಂಗಸರು 6,945. ಗಾರ್ಮೆಂಟ್ಸಿನಲ್ಲಿ ದುಡಿದು ಮನೆ ನಡೆಸುವ ಹೆಣ್ಣುಮಗಳ ಕಿಡ್ನಿ ಕೆಟ್ಟರೆ ಕೊಡುವವರು ಮನೆಯಲ್ಲಿ ಮುಂದೆ ಬರುವುದು ಅಪರೂಪ. ಮರಣಾನಂತರದ ದಾನವೇ ಆಕೆಗೆ ಉಳಿದ ಆಸರೆ.

"ಖಾಸಗಿಯವರಿಗೆ ಪರಿಣತಿಯಿದೆ, ಸರ್ಕಾರ ಅವರಿಗೇ ಹಣ ಕಟ್ಟಿದರೆ ಸಾಲದೆ?" ಎನ್ನುವವರಿದ್ದಾರೆ. ತುರ್ತಿಗೆ ಕಟ್ಟಲಿ, ಬೇಡವೆನ್ನುವುದಿಲ್ಲ. ಆದರೆ ನೆರೆಯ ತಮಿಳುನಾಡನ್ನು ನೋಡಿ. ಅಲ್ಲಿ ಚೆನ್ನೈನ ರಾಜೀವ್ ಗಾಂಧಿ ಸರ್ಕಾರಿ ಜನರಲ್ ಆಸ್ಪತ್ರೆ, ಸ್ಟಾನ್ಲಿ ಆಸ್ಪತ್ರೆಗಳಲ್ಲಿ ಸರ್ಕಾರಿ ವೈದ್ಯರೇ ಕಸಿ ಮಾಡುತ್ತಾರೆ. ಪರಿಣತಿ ಆಕಾಶದಿಂದ ಇಳಿಯುವುದಲ್ಲ. ಹುದ್ದೆ ತುಂಬಿ, ಉಪಕರಣ ಕೊಟ್ಟು, ಕೆಲಸ ಮಾಡಲು ಬಿಟ್ಟರೆ ನಮ್ಮ ಸರ್ಕಾರಿ ವೈದ್ಯರೂ ಮಾಡಬಲ್ಲರು.

ಆದುದರಿಂದ ನಾವು ಕೇಳುವುದು ಇಷ್ಟು:

1. ಬೆಂಗಳೂರಿನಾಚೆಗೂ, ಮೈಸೂರು, ಹುಬ್ಬಳ್ಳಿ, ಕಲಬುರಗಿಯ ಸರ್ಕಾರಿ ವೈದ್ಯಕೀಯ ಆಸ್ಪತ್ರೆಗಳಲ್ಲಿ ಕಿಡ್ನಿ ಕಸಿ ವರ್ಷವಿಡೀ ನಡೆಯಬೇಕು.

2. ಡಯಾಲಿಸಿಸ್ ಕೊಡುವ ತಾಲ್ಲೂಕು ಆಸ್ಪತ್ರೆಯೇ ರೋಗಿಯ ಪರೀಕ್ಷೆ ಮಾಡಿಸಿ, ಪಟ್ಟಿಗೆ ಹೆಸರು ಸೇರಿಸುವ ಹೊಣೆ ಹೊರಬೇಕು.

3. ಕಸಿಯಾದವರಿಗೆ ಕಾರ್ಡಿನ ಬಣ್ಣ ನೋಡದೆ ಬದುಕಿರುವವರೆಗೂ ಮಾತ್ರೆ ಉಚಿತವಾಗಿ ಸಿಗಬೇಕು.

4. ಇ.ಎಸ್.ಐ. ಮಿತಿಯನ್ನು ಏರಿಸಿ, ಗುತ್ತಿಗೆದಾರ ಬದಲಾದರೂ ಕಾರ್ಮಿಕನ ಸೇವೆಯನ್ನು ಒಟ್ಟಾಗಿ ಎಣಿಸಬೇಕು.

5. ಮಹಿಳಾ ರೋಗಿಗಳಿಗೆ ಆದ್ಯತೆ ಕೊಡಬೇಕೆಂದು 2025ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಸಂಸ್ಥೆ ಕೊಟ್ಟ ಸಲಹೆಯನ್ನು ರಾಜ್ಯ ಜಾರಿಗೆ ತರಬೇಕು. ಯಾವ ಆದಾಯದವರಿಗೆ, ಯಾವ ಆಸ್ಪತ್ರೆಯಲ್ಲಿ ಎಷ್ಟು ಅಂಗ ಸಂದಿತೆಂಬ ಲೆಕ್ಕವನ್ನು, ರೋಗಿಗಳ ಹೆಸರು ಬಿಟ್ಟು, ವರ್ಷಕ್ಕೊಮ್ಮೆ ಜನರ ಮುಂದಿಡಬೇಕು.

ಓದುಗ ಬಂಧುಗಳಲ್ಲಿ ಒಂದು ಮಾತು. ಅನ್ಯಾಯವಿದೆಯೆಂದು ಅಂಗದಾನಕ್ಕೆ ಬೆನ್ನು ತಿರುಗಿಸಬೇಡಿ. ದಾನ ಕಡಿಮೆಯಾದಷ್ಟೂ ಹಣವಂತನಿಗೆ ಬೇರೆ ದಾರಿಗಳುಂಟು, ಬಡವನಿಗೆ ಇದೊಂದೇ. ಪ್ರತಿಜ್ಞಾಪತ್ರ ಬರೆದುಕೊಡಿ. ಕೊನೆಯ ಒಪ್ಪಿಗೆ ಕೊಡಬೇಕಾದವರು ಮನೆಯವರು, ಆದ್ದರಿಂದ ಅವರಿಗೂ ಈಗಲೇ ತಿಳಿಸಿಡಿ. ಹಾಗೆಯೇ ಮತ ಕೇಳಲು ಬಂದವರನ್ನು ನಿಲ್ಲಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಕಳೆದ ವರ್ಷ ಎಷ್ಟು ಮಂದಿಗೆ ಕಸಿಯಾಯಿತೆಂದು ಕೇಳಿ. ಕೊಡುವ ಕೈಗೆ ಕೇಳುವ ಹಕ್ಕೂ ಇದೆ.