ಸದ್ದು ನಿಂತರೆ ಸಾಕೇ?

‘ಟ್ಯಾಪೆಟ್ ಸದ್ದು ಬರ್ತಿದೆ, ಸ್ವಲ್ಪ ಟೈಟ್ ಮಾಡಿಬಿಡಿ’ ಎಂದು ಗ್ಯಾರೇಜಿನಲ್ಲಿ ಹೇಳದ ಬೈಕ್ ಸವಾರರು ಕಡಿಮೆ. ಪುಣೆಯಿರಲಿ, ಚೆನ್ನೈಯಿರಲಿ, ಮೆಕ್ಯಾನಿಕ್ ಕಿವಿಗೊಟ್ಟು ಅಂದಾಜಿನಲ್ಲಿ ಬಿಗಿಸುತ್ತಾನೆ, ಸದ್ದು ನಿಲ್ಲುತ್ತದೆ, ನಮಗೂ ಸಮಾಧಾನ. ಆದರೆ ಎಂಜಿನ್ನಿಗೆ ಸದ್ದು ಮಾಡುವ ಟ್ಯಾಪೆಟ್ಟಿಗಿಂತ ಸದ್ದಿಲ್ಲದ ಬಿಗಿ ಟ್ಯಾಪೆಟ್ಟೇ ಹೆಚ್ಚು ಅಪಾಯ.

ಬಿಸಿಯಾದಾಗ ವಾಲ್ವ್ ಉದ್ದವಾಗುತ್ತದೆ. ಅದಕ್ಕಾಗಿಯೇ ರಾಕರ್ ಆರ್ಮ್‌ಗೂ ವಾಲ್ವ್ ತುದಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. 100 ಸಿಸಿ ಬೈಕುಗಳಲ್ಲಿ ಅದು 0.1 ಮಿ.ಮೀ.ಗಿಂತ ಹೆಚ್ಚೇನೂ ಇರುವುದಿಲ್ಲ. ಸಂದು ಹೆಚ್ಚಾದರೆ ಟಕಟಕ ಸದ್ದು. ಇಲ್ಲವಾದರೆ ವಾಲ್ವ್ ಪೂರ್ತಿ ಮುಚ್ಚದು. ಕಂಪ್ರೆಷನ್ ಸೋರುತ್ತದೆ, ಕಿಕ್ ಹೊಡೆದು ಕಾಲು ಸೋಲುತ್ತದೆ, ಸಿಗ್ನಲ್ಲಿನಲ್ಲಿ ಗಾಡಿ ಆಫ್ ಆಗುತ್ತದೆ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಹೆಚ್ಚಾಗಿ ಇಳಿಸಿಕೊಳ್ಳುವುದೇ ಸೀಟಿಗೆ ತಾಗಿದಾಗ. ತಾಗದಿದ್ದರೆ ಅಂಚು ಸುಟ್ಟು, ಹೆಡ್ ಬಿಚ್ಚುವವರೆಗೂ ಖರ್ಚು ಬೆಳೆಯುತ್ತದೆ.

ಸ್ಪ್ಲೆಂಡರ್‌ನಂಥ ಸ್ಕ್ರೂ ಟ್ಯಾಪೆಟ್ ಬೈಕಿಗೆ ಅಪಾರ್ಟ್‌ಮೆಂಟಿನ ಪಾರ್ಕಿಂಗೇ ಸಾಕು. ಬೇಕಾದ್ದು ಫೀಲರ್ ಗೇಜ್, ಸ್ಪ್ಯಾನರ್, ಟ್ಯಾಪೆಟ್ ಕೀ.

ರಾತ್ರಿಯೆಲ್ಲ ನಿಂತು ತಣ್ಣಗಾದ ಎಂಜಿನ್ ಮೇಲೆಯೇ ಕೆಲಸ ಮಾಡಿ. ಸ್ಪಾರ್ಕ್ ಪ್ಲಗ್, ಎರಡು ಟ್ಯಾಪೆಟ್ ಮುಚ್ಚಳ, ಎಡಬದಿಯ ಕಿಂಡಿಗಳ ಮುಚ್ಚಳ ತೆಗೆಯಿರಿ. ಕ್ರ್ಯಾಂಕನ್ನು ನಿಧಾನವಾಗಿ ಅಪ್ರದಕ್ಷಿಣೆಯಾಗಿ ತಿರುಗಿಸಿ. ಇನ್‌ಟೇಕ್ ವಾಲ್ವ್ ಒತ್ತಿ ಮೇಲೆ ಬಂದ ಮೇಲೆ ಸಿಗುವ ಮೊದಲ ‘ಟಿ’ ಗುರುತನ್ನು ಕಿಂಡಿಯ ಗುರುತಿಗೆ ಕೂಡಿಸಿ. ಈಗ ಎರಡೂ ವಾಲ್ವ್ ಮುಚ್ಚಿರುವ ಹೊತ್ತು.

ಮ್ಯಾನುಯಲ್ ಹೇಳಿದ ದಪ್ಪದ ಗೇಜ್ ಎಲೆಯನ್ನು ಸಂದಿಗೆ ತೂರಿಸಿ. ಸ್ವಲ್ಪ ತಡೆದು ಜಾರಿದರೆ ಸರಿ. ಇಲ್ಲವಾದರೆ ಲಾಕ್ ನಟ್ ಸಡಿಲಿಸಿ ಅಡ್ಜಸ್ಟರ್ ತಿರುಗಿಸಿ. ಅಡ್ಜಸ್ಟರ್ ಹಿಡಿದುಕೊಂಡೇ ನಟ್ ಬಿಗಿಸಿ, ಮತ್ತೊಮ್ಮೆ ಅಳೆಯಿರಿ. ಅಳತೆ ತಪ್ಪುವುದು ಬಿಗಿಸುವಾಗಲೇ. ಮುಚ್ಚಳದ ಓ-ರಿಂಗ್ ಗಟ್ಟಿಯಾಗಿದ್ದರೆ ಬದಲಿಸಿ. ಇಲ್ಲವಾದರೆ ಆಯಿಲ್ ಜಿನುಗುತ್ತದೆ.

ಎಲ್ಲ ಗಾಡಿಗೂ ಈ ಲೆಕ್ಕ ಹೊಂದದು. ಯುಸಿಇ ಎಂಜಿನ್ನಿನ ಬುಲೆಟ್‌ಗಳದು ಹೈಡ್ರಾಲಿಕ್ ಟ್ಯಾಪೆಟ್, ತಾನೇ ಸರಿಹೊಂದಿಸಿಕೊಳ್ಳುತ್ತದೆ. ಶಿಮ್ ಇರುವ ಎಂಜಿನ್ ಗ್ಯಾರೇಜಿಗೇ ಹೋಗಲಿ. ನಮ್ಮ ಮೈಸೂರಿನಲ್ಲಿ ತಯಾರಾದ ಹಳೆಯ ಯೆಜ್ಡಿ ಟೂ-ಸ್ಟ್ರೋಕ್. ಅದಕ್ಕೆ ಟ್ಯಾಪೆಟ್ಟೇ ಇಲ್ಲ.

ಸ್ವಂತ ಮಾಡಲು ಬಿಡುವಿಲ್ಲದವರು ಮೆಕ್ಯಾನಿಕ್‌ಗೆ ‘ಸದ್ದು ನಿಲ್ಲಿಸಿ’ ಎನ್ನಬೇಡಿ. ‘ಗೇಜ್ ಇಟ್ಟು ಅಳೆದು ಕೂಡಿಸಿ’ ಎನ್ನಿ. ಸಣ್ಣ ಟಿಕ್ ಟಿಕ್ ಉಳಿದರೆ ಉಳಿಯಲಿ.