ಮಣ್ಣಾಗಿ ಊರಿಗೆ ಮರಳಿದ ಯೋಧ

1971ರ ಡಿಸೆಂಬರ್ 3 ಮತ್ತು 4ರ ನಡುವಿನ ರಾತ್ರಿ ಅಗರ್ತಲಾಕ್ಕೆ ಸಮೀಪದ ಗಂಗಾಸಾಗರದಲ್ಲಿ ಪ್ರಾಣಬಿಟ್ಟ ಲ್ಯಾನ್ಸ್ ನಾಯಕ್ ಆಲ್ಬರ್ಟ್ ಎಕ್ಕಾ ಅವರಿಗೆ ಇನ್ನೂ 29 ವರ್ಷ ತುಂಬಿರಲಿಲ್ಲ. ಆ ಯುದ್ಧದಲ್ಲಿ ನಾಲ್ವರಿಗೆ ಪರಮವೀರ ಚಕ್ರ ಸಂದಿತು. ಪೂರ್ವ ರಂಗದಲ್ಲಿ ಹೋರಾಡಿ ಅದನ್ನು ಪಡೆದವರು ಎಕ್ಕಾ ಒಬ್ಬರೇ. ಆದರೆ ಅವರ ಪಾರ್ಥಿವ ಶರೀರವನ್ನು ಹುಟ್ಟೂರು ಕಾಣಲೇ ಇಲ್ಲ.

ಎಕ್ಕಾ ಹುಟ್ಟಿದ್ದು 1942ರ ಡಿಸೆಂಬರ್ 27ರಂದು, ಇಂದಿನ ಜಾರ್ಖಂಡ್‌ನ ಗುಮ್ಲಾ ಜಿಲ್ಲೆಯ ಜಾರಿ ಎಂಬ ಹಳ್ಳಿಯಲ್ಲಿ. ಆಗ ಅದು ಬಿಹಾರಕ್ಕೆ ಸೇರಿತ್ತು. ಉರಾಂವ್ ಬುಡಕಟ್ಟಿನ ಈ ತರುಣ 1962ರ ಡಿಸೆಂಬರಿನಲ್ಲಿ, ಚೀನಾ ಯುದ್ಧ ಮುಗಿದ ಮರುತಿಂಗಳು, ಬಿಹಾರ ರೆಜಿಮೆಂಟ್ ಸೇರಿದರು. 1968ರಲ್ಲಿ ಬ್ರಿಗೇಡ್ ಆಫ್ ದಿ ಗಾರ್ಡ್ಸ್‌ನ 14ನೇ ಬೆಟಾಲಿಯನ್ ರಚನೆಯಾದಾಗ ಅಲ್ಲಿಗೆ ವರ್ಗವಾದರು.

ಪಾಕಿಸ್ತಾನಿ ಪಡೆಗಳು ಗಂಗಾಸಾಗರದ ರೈಲು ನಿಲ್ದಾಣದ ಸುತ್ತ ಭದ್ರವಾದ ಬಂಕರ್‌ಗಳನ್ನು ಕಟ್ಟಿಕೊಂಡಿದ್ದವು. ಪೂರ್ವ ಪಾಕಿಸ್ತಾನದೊಳಕ್ಕೆ ಅಖೌರಾ ಮಾರ್ಗವಾಗಿ ಮುನ್ನಡೆಯಬೇಕಿದ್ದ ಭಾರತೀಯ ಸೇನೆಗೆ ಅದನ್ನು ತೆರವುಗೊಳಿಸುವುದು ಅನಿವಾರ್ಯವಾಗಿತ್ತು. ದಾಳಿಯ ಆರಂಭದಲ್ಲೇ ಶತ್ರುವಿನ ಹಗುರ ಮೆಷಿನ್ ಗನ್ ಒಂದು ಎಕ್ಕಾ ಇದ್ದ ಕಂಪನಿಗೆ ಭಾರೀ ನಷ್ಟ ಉಂಟುಮಾಡತೊಡಗಿತು. ಎಕ್ಕಾ ಆ ಬಂಕರಿಗೆ ನುಗ್ಗಿ, ಬಯೊನೆಟ್‌ನಿಂದ ಇಬ್ಬರನ್ನು ಕೊಂದು ಗನ್ ಅನ್ನು ಸುಮ್ಮನಾಗಿಸಿದರು. ತೀವ್ರವಾಗಿ ಗಾಯಗೊಂಡಿದ್ದರೂ ಸಂಗಡಿಗರೊಂದಿಗೆ ಬಂಕರ್ ನಂತರ ಬಂಕರ್ ವಶಪಡಿಸಿಕೊಳ್ಳುತ್ತ ಮುಂದುವರಿದರು. ಕೊನೆಯಲ್ಲಿ ಎರಡಂತಸ್ತಿನ ಕಟ್ಟಡವೊಂದರಿಂದ ಮಧ್ಯಮ ಮೆಷಿನ್ ಗನ್ ದಾಳಿ ಆರಂಭವಾಯಿತು. ತೆವಳಿಕೊಂಡು ಅಲ್ಲಿಗೆ ತಲುಪಿ ಗ್ರೆನೇಡ್ ಎಸೆದ ಅವರು, ಗನ್ ನಿಲ್ಲದಿದ್ದಾಗ ಗೋಡೆಯೇರಿ ಒಳಹೊಕ್ಕು ಅದನ್ನು ಹಾರಿಸುತ್ತಿದ್ದವನನ್ನು ಬಯೊನೆಟ್‌ನಿಂದ ಕೊಂದರು. ಆ ವೇಳೆಗೆ ಆದ ಗಾಯಗಳೇ ಅವರ ಸಾವಿಗೆ ಕಾರಣವಾದವು. ಅದೇ ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕಿಸ್ತಾನಿ ಸೇನೆ ಶರಣಾಯಿತು.

ಅಂದಿನ ರೂಢಿಯಂತೆ ಮಡಿದವರ ಅಂತ್ಯಸಂಸ್ಕಾರ ಯುದ್ಧಭೂಮಿಯ ಸಮೀಪದಲ್ಲೇ ನಡೆಯುತ್ತಿತ್ತು. ಎಕ್ಕಾ ಅವರನ್ನು ಅಗರ್ತಲಾ ಬಳಿ ಮಣ್ಣು ಮಾಡಲಾಯಿತು. ಸಮಾಧಿಯ ಮಣ್ಣು ಕುಟುಂಬದ ಕೈ ಸೇರಿದ್ದು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, 2016ರಲ್ಲಿ.

ಈ ರೂಢಿ ಬದಲಾದದ್ದು 1999ರ ಕಾರ್ಗಿಲ್ ಸಮರದಲ್ಲಿ. ತ್ರಿವರ್ಣ ಧ್ವಜ ಹೊದಿಸಿದ ಶವಪೆಟ್ಟಿಗೆಗಳು ಹಳ್ಳಿಗಳಿಗೆ ಬಂದವು, ದೂರದರ್ಶನ ಅವನ್ನು ಮನೆಮನೆಗೆ ತೋರಿಸಿತು. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮದಡಿಯಿಂದ ಆರು ದಿನಗಳ ನಂತರ ಜೀವಂತವಾಗಿ ಹೊರಬಂದು, ದಿಲ್ಲಿಯ ಆಸ್ಪತ್ರೆಯಲ್ಲಿ ಅಸುನೀಗಿದ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಅಂತ್ಯಕ್ರಿಯೆ ಧಾರವಾಡ ಜಿಲ್ಲೆಯ ಬೆಟದೂರಿನಲ್ಲಿ ನಡೆದಾಗ ಇಡೀ ರಾಜ್ಯ ಕಣ್ಣೀರಿಟ್ಟಿತ್ತು. ಎಕ್ಕಾ ಕುಟುಂಬಕ್ಕೆ ಅಂಥ ಅವಕಾಶವೇ ದೊರೆಯಲಿಲ್ಲ.

ಗೌರವಗಳು ಬರಲಿಲ್ಲವೆಂದಲ್ಲ, ತಡವಾಗಿಯಾದರೂ ಬಂದವು. 2000ದಲ್ಲಿ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿ ಹೊರತಂದಿತು. ರಾಂಚಿಯ ಪ್ರಮುಖ ವೃತ್ತಕ್ಕೂ ಅಗರ್ತಲಾದ ಉದ್ಯಾನಕ್ಕೂ ಅವರ ಹೆಸರಿದೆ. 2017ರಲ್ಲಿ ಬಾಂಗ್ಲಾದೇಶದ ಅಂದಿನ ಪ್ರಧಾನಿ ಶೇಖ್ ಹಸೀನಾ ದಿಲ್ಲಿಯಲ್ಲಿ ಭಾರತೀಯ ಹುತಾತ್ಮರ ಕುಟುಂಬಗಳನ್ನು ಗೌರವಿಸಿದಾಗ ಎಕ್ಕಾ ಅವರ ಹೆಸರೂ ಅದರಲ್ಲಿತ್ತು. 2023ರ ಜನವರಿ 23ರಂದು ಅಂಡಮಾನ್‌ನ 21 ದ್ವೀಪಗಳಿಗೆ ಪರಮವೀರ ಚಕ್ರ ಪುರಸ್ಕೃತರ ಹೆಸರಿಟ್ಟಾಗ ಒಂದು ದ್ವೀಪ ಅವರ ಪಾಲಿಗೆ ಬಂತು.

ಆದರೆ ಹೆಸರಿಡುವುದರಿಂದ ಮಡಿದವನ ಮನೆಯ ಒಲೆ ಉರಿಯುವುದಿಲ್ಲ. ದುಡಿಯುವ ಮಗನನ್ನು ಕಳೆದುಕೊಂಡ ರೈತ ಕುಟುಂಬಕ್ಕೆ ತಿಂಗಳು ತಿಂಗಳೂ ಕೈಸೇರುವ ಪಿಂಚಣಿಯೇ ನಿಜವಾದ ಆಸರೆ. ಈ ಹಿನ್ನೆಲೆಯಲ್ಲಿ 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆ ಗಂಭೀರ ಚರ್ಚೆಗೆ ಯೋಗ್ಯ. ಇದರಡಿ ನಾಲ್ಕು ವರ್ಷಕ್ಕೆ ನೇಮಕಗೊಳ್ಳುವವರ ಪೈಕಿ ಗರಿಷ್ಠ ಶೇ. 25ರಷ್ಟು ಮಂದಿಯನ್ನು ಮಾತ್ರ ಕಾಯಂಗೊಳಿಸುವುದಾಗಿ ಸರ್ಕಾರ ಹೇಳಿತು. ಕರ್ತವ್ಯದಲ್ಲಿ ಮಡಿದ ಅಗ್ನಿವೀರನ ಕುಟುಂಬಕ್ಕೆ 48 ಲಕ್ಷ ರೂಪಾಯಿ ವಿಮೆ, 44 ಲಕ್ಷ ರೂಪಾಯಿ ಪರಿಹಾರ ಮತ್ತು ಉಳಿದ ಸೇವಾವಧಿಯ ವೇತನ ಸಿಗುವಂತೆ ನಿಯಮ ರೂಪಿಸಲಾಯಿತು. ಕಾಯಂ ಯೋಧನ ಕುಟುಂಬಕ್ಕಿರುವ ಜೀವಮಾನದ ಪಿಂಚಣಿಯನ್ನು ಅದರಲ್ಲಿ ಸೇರಿಸಲಿಲ್ಲ.

ಒಮ್ಮೆಗೇ ಕೈಸೇರುವ ಮೊತ್ತ ಸಣ್ಣದಲ್ಲ ಎಂಬ ವಾದದಲ್ಲಿ ಹುರುಳಿದೆ. ಪಿಂಚಣಿಯ ಹೊರೆ ತಗ್ಗಿದರೆ ಶಸ್ತ್ರಾಸ್ತ್ರಕ್ಕೆ ಹೆಚ್ಚು ಹಣ ಉಳಿಯುತ್ತದೆ ಎಂಬ ಮಾತನ್ನೂ ತಳ್ಳಿಹಾಕಲಾಗದು. ಆದರೆ ಉಳಿತಾಯದ ಈ ಲೆಕ್ಕ ಜೀವಂತವಾಗಿ ಮನೆಗೆ ಮರಳುವವರ ವಿಷಯದಲ್ಲಿ ಒಪ್ಪುವಂಥದ್ದಾದರೂ ಮಡಿದವರ ವಿಷಯಕ್ಕೆ ಹೊಂದದು. ಒಂದೇ ಬಂಕರಿನ ಮುಂದೆ ಒಂದೇ ಗುಂಡಿಗೆ ಎದೆಯೊಡ್ಡಿದ ಇಬ್ಬರ ಮನೆಗಳನ್ನು ನೇಮಕಾತಿ ಪತ್ರದ ಆಧಾರದಲ್ಲಿ ಬೇರೆಬೇರೆಯಾಗಿ ಕಾಣುವುದಕ್ಕೆ ನ್ಯಾಯದ ಸಮರ್ಥನೆ ಸಿಗುವುದು ಕಷ್ಟ. ಯುದ್ಧದಲ್ಲಿ ಮಡಿಯುವವರ ಸಂಖ್ಯೆ ಒಟ್ಟು ಸೇನೆಗೆ ಹೋಲಿಸಿದರೆ ಅಲ್ಪ. ಅವರ ಕುಟುಂಬಗಳಿಗೆ ಸಮಾನ ಪಿಂಚಣಿ ಕೊಟ್ಟರೆ ಬೊಕ್ಕಸ ಬರಿದಾಗದು.

ಜಾರಿಯಂಥ ಹಳ್ಳಿಗಳ ತರುಣರು ಇಂದಿಗೂ ನಸುಕಿನಲ್ಲೆದ್ದು ಓಟದ ಅಭ್ಯಾಸ ಮಾಡಿ ಸೇನಾ ನೇಮಕಾತಿಗೆ ಸಿದ್ಧರಾಗುತ್ತಾರೆ. ಅವರಲ್ಲೊಬ್ಬ ಮರಳಿ ಬಾರದೇ ಹೋದರೆ ಅವನ ತಂದೆತಾಯಿಗಳ ಮುಪ್ಪಿಗೆ ಯಾರು ಹೊಣೆ ಎಂಬುದನ್ನು ಅವನು ಸಮವಸ್ತ್ರ ತೊಡುವ ಮೊದಲೇ ಸರ್ಕಾರ ಸ್ಪಷ್ಟಪಡಿಸಬೇಕು.