ಲಕ್ಷದ್ವೀಪಕ್ಕೆ ಹೋದರೆ ಒಂದು ರಾತ್ರಿಯಾದರೂ ದ್ವೀಪದಲ್ಲಿ ಮಲಗಿ

ನವೆಂಬರ್ ಬಂತೆಂದರೆ ನಮ್ಮ ಆಫೀಸಿನಲ್ಲಿ ಉಳಿದ ರಜೆಯ ಲೆಕ್ಕ ಶುರುವಾಗುತ್ತದೆ. ವರ್ಷ ಮುಗಿಯುವುದರೊಳಗೆ ತೆಗೆದುಕೊಳ್ಳದಿದ್ದರೆ ಕೈಬಿಟ್ಟು ಹೋಗುವ ನಾಲ್ಕೈದು ದಿನಗಳು. ಅದಕ್ಕೆ ಮುಂಬೈಯಲ್ಲಿ ಈಗ ಸಿದ್ಧ ಉತ್ತರವೊಂದಿದೆ: ಕ್ರೂಸ್. ಸಂಜೆ ಬಲ್ಲಾರ್ಡ್ ಪಿಯರ್‌ನಲ್ಲಿ ಹತ್ತಿದರೆ ಮುಗಿಯಿತು. ಊಟ, ನಿದ್ದೆ, ಈಜುಕೊಳ, ನಾಟಕ, ಲಕ್ಷದ್ವೀಪ ಎಲ್ಲವೂ ಒಂದೇ ಟಿಕೆಟ್‌ನಲ್ಲಿ. ಹಾಗಾಗಿ ಪ್ರತಿವರ್ಷ ಯಾರಾದರೊಬ್ಬರು ನನ್ನ ಮೇಜಿನ ಹತ್ತಿರ ಬಂದು ಕೇಳುತ್ತಾರೆ, ‘ನೀನು ಎರಡೂ ಮಾಡಿದ್ದೀಯಲ್ಲ, ಹಡಗಿನಲ್ಲಿ ಹೋಗೋದಾ, ದ್ವೀಪದಲ್ಲೇ ಇರೋದಾ?’

ಹೌದು, ಎರಡೂ ಮಾಡಿದ್ದೇನೆ. ಅಪ್ಪ–ಅವ್ವನನ್ನು ಕರೆದುಕೊಂಡು ಹಡಗಿನಲ್ಲಿ ಒಮ್ಮೆ, ಹೆಂಡತಿ–ಮಗಳ ಜೊತೆ ಕದ್ಮತ್ ದ್ವೀಪದಲ್ಲಿ ಮೂರು ರಾತ್ರಿ ಉಳಿದು ಇನ್ನೊಮ್ಮೆ. ನನ್ನ ಉತ್ತರ ಸ್ಪಷ್ಟವಾಗಿದೆ. ದ್ವೀಪ ನೋಡಬೇಕೆಂಬ ಆಸೆಯಿದ್ದರೆ ದ್ವೀಪದಲ್ಲಿ ಉಳಿಯಿರಿ. ಹಡಗಿನ ಪ್ರವಾಸ ಬೇರೆಯೇ ಒಂದು ಸುಖ. ಅದನ್ನು ದ್ವೀಪ ಪ್ರವಾಸ ಎಂದು ಕರೆಯಬೇಡಿ.

ಇದು ಬರೀ ಅಭಿರುಚಿಯ ಮಾತಲ್ಲ, ಏಕೆಂದರೆ ಹೊರರಾಜ್ಯದಲ್ಲಿ ದುಡಿಯುವ ಕನ್ನಡಿಗರ ರಜೆ ಪೂರ್ತಿ ಅವರದಲ್ಲ. ದೀಪಾವಳಿಗೆ ಊರು, ಪಂಚಮಿಗೆ ಊರು, ಚಿಕ್ಕಪ್ಪನ ಮಗಳ ಮದುವೆಗೆ ಊರು, ಹೊಲದ ಕಾಗದಪತ್ರಕ್ಕೆ ಸಹಿ ಹಾಕಲು ಊರು. ನನ್ನದು ಗದಗ ಜಿಲ್ಲೆಯ ರೋಣದ ಕಡೆ. ವರ್ಷಕ್ಕೆ ಐದು ಸಲ ರಾತ್ರಿ ರೈಲು ಹತ್ತಿದರೆ ರಜೆಯ ಮುಕ್ಕಾಲು ಪಾಲು ಮುಗಿಯುತ್ತದೆ. ಉಳಿದ ನಾಲ್ಕು ದಿನವನ್ನೂ ತಿರುಗಾಟಕ್ಕೆ ಇಟ್ಟುಕೊಂಡರೆ ಅಪ್ಪನ ಫೋನು: ‘ಸೂಟಿ ಇದ್ದರ ಊರಿಗೆ ಬರಬಾರದೇನೋ?’ ಇಷ್ಟು ಕಷ್ಟಪಟ್ಟು ಉಳಿಸಿದ ದಿನಗಳು ಎಲ್ಲಿ ಹೋಗುತ್ತವೆ ಎಂಬ ಲೆಕ್ಕ ಬೇಡವೇ?

ಆ ಲೆಕ್ಕ ಹೀಗಿದೆ. ಮುಂಬೈಯಿಂದ ಅಗತ್ತಿಗೆ ಸಮುದ್ರ ಮಾರ್ಗದಲ್ಲಿ ಸುಮಾರು 900 ಕಿ.ಮೀ. ದೊಡ್ಡ ಹಡಗು ಗಂಟೆಗೆ 30 ಕಿ.ಮೀ. ವೇಗದಲ್ಲಿ ಸಾಗಿದರೆ ಹೋಗಲು 30 ತಾಸು, ಬರಲು 30 ತಾಸು. ಸೋಮವಾರ ಸಂಜೆ ಹೊರಟು ಶುಕ್ರವಾರ ಬೆಳಿಗ್ಗೆ ಮುಂಬೈ ಸೇರುವ ನಾಲ್ಕು ರಾತ್ರಿಯ ಪ್ರವಾಸದಲ್ಲಿ ಒಟ್ಟು 86 ತಾಸು ಎಂದುಕೊಳ್ಳಿ. ದ್ವೀಪಕ್ಕೆ ಸಿಗುವುದು ಬುಧವಾರ ಒಂದೇ ಹಗಲು. ಅದರಲ್ಲೂ ಅಷ್ಟು ದೊಡ್ಡ ಹಡಗು ಹವಳದ ದಿಬ್ಬ ದಾಟಿ ಲಗೂನ್ ಒಳಗೆ ಬರಲಾಗದು. ಹೊರಗೆ ಲಂಗರು ಹಾಕುತ್ತದೆ. ನೂರಾರು ಜನ ಸರತಿಯಲ್ಲಿ ನಿಂತು ಸಣ್ಣ ದೋಣಿಗಳಿಗೆ ಇಳಿಯಬೇಕು. ಸಂಜೆಗೆ ಮುನ್ನ ಅದೇ ಸರತಿಯಲ್ಲಿ ವಾಪಸು. ನಮ್ಮ ಪಾಲಿಗೆ ಮರಳಿನ ಮೇಲೆ ಕಾಲಿಟ್ಟ ಸಮಯ ಐದು ತಾಸು ಚಿಲ್ಲರೆ.

ಕದ್ಮತ್‌ಗೆ ಹೋದಾಗಲೂ ಹೆಚ್ಚುಕಡಿಮೆ ಅಷ್ಟೇ ರಜೆ ಹಾಕಿದ್ದೆ. ಶನಿವಾರ ಬೆಳಿಗ್ಗೆ ಕೊಚ್ಚಿಗೆ ವಿಮಾನ, ಅಲ್ಲಿ ವಿಲ್ಲಿಂಗ್‌ಡನ್ ದ್ವೀಪದ ಧಕ್ಕೆಯಿಂದ ಲಕ್ಷದ್ವೀಪ ಆಡಳಿತದ ಹಡಗು, ಭಾನುವಾರ ಮಧ್ಯಾಹ್ನಕ್ಕೆ ದ್ವೀಪ. ಬುಧವಾರ ಮಧ್ಯಾಹ್ನ ಹೊರಟೆವು. ಮರಳಿನ ಮೇಲೆ 72 ತಾಸು. ಐದಕ್ಕೂ ಎಪ್ಪತ್ತೆರಡಕ್ಕೂ ಇರುವ ವ್ಯತ್ಯಾಸ ತಿಳಿಯಲು ಎಂ.ಟೆಕ್. ಮಾಡಬೇಕಿಲ್ಲ.

ಹಾಗೆಂದು ಆ ಸರ್ಕಾರಿ ಹಡಗನ್ನು ಹೊಗಳಿ ಅಟ್ಟಕ್ಕೇರಿಸುವುದಿಲ್ಲ. ಕೊಚ್ಚಿಯಿಂದ ದ್ವೀಪಗಳಿಗೆ ದ್ವೀಪವನ್ನು ನೋಡಿಕೊಂಡು 14ರಿಂದ 20 ತಾಸು. ಬಂಕ್ ದರ್ಜೆಯಲ್ಲಿ ರೈಲಿನ ಸ್ಲೀಪರ್ ಬೋಗಿಯಂತೆಯೇ ಗದ್ದಲ. ಆದರೆ ಆ ಗದ್ದಲದಲ್ಲಿ ಯಾರಿರುತ್ತಾರೆ ನೋಡಿ: ಕೊಚ್ಚಿಯ ಆಸ್ಪತ್ರೆಗೆ ಹೋಗಿ ಮರಳುವ ಮುದುಕರು, ಕಾಲೇಜು ರಜೆಗೆ ಮನೆಗೆ ಹೊರಟ ಹುಡುಗಿಯರು, ಫ್ರಿಜ್ಜು, ಸೀಲಿಂಗ್ ಫ್ಯಾನು, ಹಣ್ಣಿನ ಬುಟ್ಟಿ ಹೊತ್ತ ಸಂಸಾರಗಳು. ದೀಪಾವಳಿಯ ಮುಂಚಿನ ರಾತ್ರಿಯ ಗದಗ ಎಕ್ಸ್‌ಪ್ರೆಸ್ ನೆನಪಾಯಿತು. ಊರಿಗೆ ಹೋಗುವವರ ಮುಖ ಎಲ್ಲ ಕಡೆಯೂ ಒಂದೇ ಥರ.

ಕದ್ಮತ್ ಎಂದರೆ ಸುಮಾರು ಒಂಬತ್ತು ಕಿಲೋಮೀಟರ್ ಉದ್ದದ, ಅಗಲವಾದ ಕಡೆಯೂ ಅರ್ಧ ಕಿಲೋಮೀಟರಿನ ಆಸುಪಾಸಿನ ಒಂದು ಪಟ್ಟಿ. ಸೈಕಲ್ಲಿನಲ್ಲಿ ಆ ತುದಿಯಿಂದ ಈ ತುದಿಗೆ ಹೋಗಿಬರಬಹುದು. ಹಗಲು ಅಲ್ಲಿ ಏನಿದೆ ಎಂಬುದು ನೀವು ಫೋಟೋದಲ್ಲಿ ನೋಡಿದ್ದೇ: ಹಸಿರು ನೀಲಿ ನೀರು, ತೆಂಗು. ಆದರೆ ಹಡಗಿನವರು ಹೊರಟುಹೋಗುವ ಹೊತ್ತಿಗೆ ದ್ವೀಪದ ದಿನ ಶುರುವಾಗುತ್ತದೆ. ಸಂಜೆ ನೀರು ಇಳಿದು ದಿಬ್ಬ ತೆರೆದುಕೊಂಡಾಗ ಹೆಂಗಸರು, ಮಕ್ಕಳು ಕೋಲು ಹಿಡಿದು ಆಕ್ಟೋಪಸ್ ಹುಡುಕಲು ಹೊರಡುತ್ತಾರೆ. ಸೂರೆ ಮೀನಿಗೆ ಹೋದ ದೋಣಿಗಳು ಬರುತ್ತವೆ. ಬಲೆಯಲ್ಲ, ಗಾಳದ ಕೋಲಿನಿಂದ ಒಂದೊಂದಾಗಿ ಹಿಡಿದ ಮೀನು. ನಾವು ಮೀನು ತಿನ್ನುವವರಲ್ಲ. ಆದರೂ ನನ್ನ ಏಳು ವರ್ಷದ ಮಗಳು ಎರಡು ಸಂಜೆ ಅಲ್ಲಿಂದ ಕದಲಲಿಲ್ಲ. ರಾತ್ರಿ ಶಂಖದ ಚಿಪ್ಪು ಹೊತ್ತ ಏಡಿಗಳು ಮರಳಿನ ಮೇಲೆ ಹೊರಟಾಗ ಟಾರ್ಚು ಹಿಡಿದು ಎಣಿಸಿದ್ದೂ ಎಣಿಸಿದ್ದೇ.

ನಾವು ಉಳಿದುಕೊಂಡ ಮನೆಯ ಅಜ್ಜನಿಗೆ ಎಂಬತ್ತರ ಹತ್ತಿರ ಇರಬಹುದು. ಮುಂಬೈಯಿಂದ ಬಂದಿದ್ದೇವೆ, ಮೂಲ ಕರ್ನಾಟಕ ಎಂದಾಗ ಅವರು ಕೇಳಿದ ಮೊದಲ ಪ್ರಶ್ನೆ, ‘ಮಂಗಳೂರಾ?’ ಹುಡುಗನಾಗಿದ್ದಾಗ ತಂದೆಯ ಜೊತೆ ಓಡಂ ಎಂಬ ಹಾಯಿ ಹಡಗಿನಲ್ಲಿ ತೆಂಗಿನ ನಾರಿನ ಹಗ್ಗ ತುಂಬಿಕೊಂಡು ಮಂಗಳೂರಿಗೆ ಹೋಗಿ ಅಕ್ಕಿ ತುಂಬಿಕೊಂಡು ಬಂದಿದ್ದರಂತೆ. ನಮ್ಮ ಅಜ್ಜನ ಕಾಲಕ್ಕೆ ಸರ್ಕಾರವೆಂದರೆ ಮಂಗಳೂರೇ ಎಂದರು.

ಅದು ನಿಜವೇ. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ, ಈ ಅಮಿನಿದಿವಿ ದ್ವೀಪಗಳು ಟಿಪ್ಪುವಿನ ಕೈಯಲ್ಲಿದ್ದವು. 1799ರಲ್ಲಿ ಬ್ರಿಟಿಷರಿಗೆ ಸೇರಿ, ಆಮೇಲೆ ದಕ್ಷಿಣ ಕೆನರಾ ಜಿಲ್ಲೆಯ ಭಾಗವಾಗಿ ಮಂಗಳೂರಿನಿಂದಲೇ ಆಳಿಸಿಕೊಂಡವು. ನಾರನ್ನು ಸರ್ಕಾರವೇ ಕೊಂಡು ಬದಲಿಗೆ ಅಕ್ಕಿ ಕೊಡುವ ಪದ್ಧತಿಯಿತ್ತು. 1956ರ ನವೆಂಬರ್ 1ರಂದು ದಕ್ಷಿಣ ಕೆನರಾ ಮೈಸೂರು ರಾಜ್ಯಕ್ಕೆ ಬಂತು; ಅದೇ ದಿನ ಈ ದ್ವೀಪಗಳು ಅದರಿಂದ ಕಳಚಿಕೊಂಡು ಕೇಂದ್ರಾಡಳಿತ ಪ್ರದೇಶವಾದವು. ಲಕ್ಷದ್ವೀಪ ಎಂಬ ಹೆಸರು ಬಂದದ್ದು 1973ರಲ್ಲಿ. ನಾವು ರಾಜ್ಯೋತ್ಸವ ಮಾಡುವ ದಿನವೇ ನಮ್ಮ ಜಿಲ್ಲೆಯೊಂದರ ಐದು ದ್ವೀಪಗಳು ಬೇರೆಯಾದವು ಎಂಬುದು ಥಾಣೆಯ ಕನ್ನಡ ಸಂಘದ ಎಷ್ಟು ಭಾಷಣಗಳನ್ನು ಕೇಳಿದರೂ ನನಗೆ ಗೊತ್ತಾಗಿರಲಿಲ್ಲ. ಇವತ್ತಿಗೂ ಮಂಗಳೂರಿನ ಹಳೆ ಬಂದರಿನಿಂದ ತರಕಾರಿ, ಕಟ್ಟಡದ ಸಾಮಾನು ತುಂಬಿದ ಹಡಗುಗಳು ಅಲ್ಲಿಗೆ ಹೋಗುತ್ತವೆ. ಜಗಲಿಯಲ್ಲಿ ಕುಳಿತು ಇಂಥ ಮಾತು ಕೇಳಲು ಐದು ತಾಸಿನ ಭೇಟಿಯಲ್ಲಿ ಪುರುಸೊತ್ತು ಎಲ್ಲಿರುತ್ತದೆ?

ಈಗ ಹಡಗಿನ ಪರ ಮಾತಾಡುತ್ತೇನೆ, ಏಕೆಂದರೆ ಅದಕ್ಕೂ ನ್ಯಾಯ ಸಲ್ಲಬೇಕು. ಅವ್ವನಿಗೆ ಎರಡೂ ಮೊಣಕಾಲು ನೋವು, ಸಕ್ಕರೆ ಕಾಯಿಲೆ ಬೇರೆ. ಹಡಗಿನಲ್ಲಿ ಲಿಫ್ಟಿದೆ, ವೈದ್ಯರಿದ್ದಾರೆ, ಈರುಳ್ಳಿ ಬೆಳ್ಳುಳ್ಳಿಯಿಲ್ಲದ ಜೈನ ಊಟವೂ ಇದೆ. ಪ್ರತಿದಿನ ಬ್ಯಾಗು ಕಟ್ಟಿ ಬಿಚ್ಚುವ ರಗಳೆಯಿಲ್ಲ. ದ್ವೀಪದಲ್ಲಿ ಸಸ್ಯಾಹಾರಿಯ ಪಾಡು ಬೇರೆ: ತರಕಾರಿ ಹಡಗಿನಲ್ಲೇ ಬರಬೇಕು. ಹಡಗು ತಡವಾದರೆ ಅನ್ನ, ಬೇಳೆ, ತೆಂಗಿನಕಾಯಿ ಚಟ್ನಿ. ನಮಗದು ಸಾಕಾಯಿತು, ನನ್ನ ಹೆಂಡತಿ ಒಯ್ದಿದ್ದ ಕಟಕ ರೊಟ್ಟಿ, ಶೇಂಗಾ ಚಟ್ನಿ ಮನೆಯವರಿಗೂ ಹಿಡಿಸಿತು. ಆದರೆ ಅರವತ್ತೆಂಟರ ಅವ್ವನಿಗೆ ಮೂರು ದಿನ ಅದನ್ನೇ ಬಡಿಸಲಾಗದು. ತುರ್ತು ಕಾಯಿಲೆ ಬಂದರೆ ಸಣ್ಣ ದ್ವೀಪಗಳಿಂದ ಹೆಲಿಕಾಪ್ಟರಿನಲ್ಲೇ ಸಾಗಿಸಬೇಕಾಗುತ್ತದೆ ಎಂಬುದೂ ನೆನಪಿರಲಿ.

ಇನ್ನೊಂದು ಲಾಭವನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ನಡುಸಮುದ್ರದಲ್ಲಿ ಫೋನ್ ಸಿಗ್ನಲ್ ಇಲ್ಲ. ವೈ–ಫೈ ದುಬಾರಿ, ಕೊಳ್ಳಲಿಲ್ಲ. ಅಪ್ಪ, ನಾನು ಡೆಕ್ಕಿನ ಮೇಲೆ ಎರಡು ದಿನ ಕುಳಿತೆವು. ಹೊಲ ಮಾರುವ ವಿಚಾರ, ತಮ್ಮನ ಸಾಲ, ಅವ್ವನ ಕಾಲಿನ ಆಪರೇಶನ್, ಹೀಗೆ ಊರಿಗೆ ಹೋದಾಗ ಬಂದುಹೋಗುವವರ ನಡುವೆ ಹತ್ತು ವರ್ಷದಿಂದ ಆಡಲಾಗದ ಮಾತುಗಳನ್ನು ಆಡಿದೆವು. ಬುಧವಾರ ಅಲೆ ಜೋರಾಗಿತ್ತು. ದೋಣಿಗೆ ಇಳಿಯುವ ಮೆಟ್ಟಿಲು ಮೇಲೆ ಕೆಳಗೆ ಆಡುವುದನ್ನು ನೋಡಿ ಅವ್ವ, ‘ನೀವು ಹೋಗಿಬರ್ರಿ, ನಾ ಇಲ್ಲಿಂದ ನೋಡ್ತೀನಿ’ ಎಂದಳು. ಲಕ್ಷದ್ವೀಪ ಅವಳ ಪಾಲಿಗೆ ದೂರದ ಒಂದು ಹಸಿರು ಗೆರೆ. ಆದರೂ ಊರಿನಲ್ಲಿ ಅವಳು ಆ ಹಡಗಿನ ಕಥೆಯನ್ನು ಇನ್ನೂ ಹೇಳುತ್ತಿದ್ದಾಳೆ. ಹೆಚ್ಚಾಗಿ ಊಟದ ಕಥೆ. ನಾನು ಹಡಗನ್ನು ಬೇರೆ ಸುಖ ಎಂದದ್ದು ಇದಕ್ಕೇ. ಮನೆಮಂದಿಯನ್ನು ನಾಲ್ಕು ದಿನ ಒಂದೇ ಸೂರಿನಡಿ ಕೂಡಿಹಾಕಬೇಕಿದ್ದರೆ ಕ್ರೂಸ್‌ಗಿಂತ ಒಳ್ಳೆಯದಿಲ್ಲ. ಆಗ ಹಡಗು ಗೋವೆಗೆ ಹೋದರೂ ಒಂದೇ, ಅಗತ್ತಿಗೆ ಹೋದರೂ ಒಂದೇ.

ದುಡ್ಡಿನ ವಿಚಾರದಲ್ಲಿ ಎಚ್ಚರ. ಕ್ರೂಸ್‌ನ ಜಾಹೀರಾತಿನ ದರ ಕಿಟಕಿಯಿಲ್ಲದ ಕೋಣೆಯದು. ಅದರ ಮೇಲೆ ಬಂದರು ಶುಲ್ಕ, ತೆರಿಗೆ, ಸಿಬ್ಬಂದಿಯ ಟಿಪ್ಸು, ದ್ವೀಪಕ್ಕೆ ಇಳಿಸುವ ಪ್ಯಾಕೇಜು ಕೂಡಿಸುತ್ತ ಹೋಗಿ, ನಾಲ್ಕು ಜನರಿಗೆ ಗುಣಿಸಿ, ಆಮೇಲೆ ಹೋಲಿಸಿ. ಇಬ್ಬರೇ ಹೋಗುವುದಾದರೆ ಎರಡೂ ಹತ್ತಿರ ಹತ್ತಿರ ಬರಬಹುದು. ನನಗೆ ಮುಖ್ಯವೆನಿಸುವುದು ಆ ದುಡ್ಡು ಎಲ್ಲಿ ಉಳಿಯುತ್ತದೆ ಎಂಬುದು. ಹಡಗಿನವರಿಗೆ ಮಲಗಲು ಹಾಸಿಗೆ ಹಡಗಿನಲ್ಲಿ, ಊಟ ಹಡಗಿನದು, ಅಂಗಡಿಯೂ ಹಡಗಿನದು. ದ್ವೀಪದವರಿಗೆ ಸಿಗುವುದು ದೋಣಿಯ ಬಾಡಿಗೆ, ಎಳನೀರಿನ ಕಾಸು. ಮನೆಯಲ್ಲಿ ಉಳಿದರೆ ಅಡುಗೆಯವಳಿಗೆ, ಸೈಕಲ್ಲಿನವನಿಗೆ, ಸ್ನಾರ್ಕೆಲಿಂಗ್ ಕಲಿಸುವ ಹುಡುಗನಿಗೆ ಕೈಯಿಂದ ಕೈಗೆ ಹೋಗುತ್ತದೆ.

ಆದರೆ ನನ್ನ ವಾದಕ್ಕೆ ಗಟ್ಟಿ ಆಕ್ಷೇಪವೊಂದಿದೆ: ನೀರು. ಲಕ್ಷದ್ವೀಪದ ಒಟ್ಟು ನೆಲ 32 ಚದರ ಕಿ.ಮೀ. 2011ರ ಜನಗಣತಿಯ ಪ್ರಕಾರ ಜನ 64 ಸಾವಿರಕ್ಕೂ ಹೆಚ್ಚು. ನದಿಯಿಲ್ಲ, ಕೆರೆಯಿಲ್ಲ. ಮಳೆ ನೀರು ಮರಳಿನಡಿ ಉಪ್ಪು ನೀರಿನ ಮೇಲೆ ತೆಳುವಾಗಿ ನಿಂತಿರುತ್ತದೆ. ಹೆಚ್ಚು ಎತ್ತಿದರೆ ಬಾವಿ ಉಪ್ಪಾಗುತ್ತದೆ. ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ 2005ರಲ್ಲಿ ಕವರತ್ತಿಯಲ್ಲಿ ಒಂದು ಘಟಕ ಹಾಕಿತು. ಮೇಲಿನ ಬೆಚ್ಚನೆಯ ಸಮುದ್ರ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, 350 ಮೀಟರಿಗೂ ಆಳದಿಂದ ಎತ್ತಿದ ತಣ್ಣನೆಯ ನೀರಿನಿಂದ ಆ ಆವಿಯನ್ನು ತಂಪಾಗಿಸಿ ಸಿಹಿನೀರು ಮಾಡುವ ಉಪಾಯ. ಎಂಜಿನಿಯರ್ ಆದವನಿಗೆ ಅದು ಹವಳಕ್ಕಿಂತ ಚೆಂದ ಕಂಡರೆ ಕ್ಷಮಿಸಿ. ದಿನಕ್ಕೆ ಒಂದೂವರೆ ಲಕ್ಷ ಲೀಟರಿನ ಅಂಥದೇ ಘಟಕ ಕದ್ಮತ್‌ನಲ್ಲಿ 2024ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಅಷ್ಟಿದ್ದರೂ ಮನೆಯವರು ನಮಗೆ ಷವರ್ ಬೇಡ, ಬಕೆಟ್ ಸಾಕು ಎಂದರು. ಗದಗದ ಬೇಸಿಗೆ ಕಂಡವರಿಗೆ ಅದನ್ನು ಎರಡು ಸಲ ಹೇಳಬೇಕಾಗಲಿಲ್ಲ.

ಹಡಗು ತನ್ನ ನೀರನ್ನು ತಾನೇ ಮಾಡಿಕೊಳ್ಳುತ್ತದೆ, ಕಸವನ್ನು ತಾನೇ ಒಯ್ಯುತ್ತದೆ ಎಂಬ ವಾದಕ್ಕೆ ಅದಕ್ಕೇ ತೂಕವಿದೆ. ಹಗಲು ದ್ವೀಪ, ರಾತ್ರಿ ಹಡಗು ಎಂಬ ಕ್ರಮದಲ್ಲಿ ಕವರತ್ತಿ, ಕಲ್ಪೇನಿ, ಮಿನಿಕಾಯ್ ತೋರಿಸುವ ‘ಸಮುದ್ರಂ’ ಪ್ರವಾಸವನ್ನು ಲಕ್ಷದ್ವೀಪ ಆಡಳಿತವೇ ನಡೆಸಿಕೊಂಡು ಬಂದಿದೆ. ಆದರೆ ಒಂದೇ ಲಗೂನಿಗೆ ಒಂದೇ ಹಗಲಿನಲ್ಲಿ ನೂರಾರು ಜನ ಇಳಿದು ಹವಳ ತುಳಿದರೆ ಏನಾಗುತ್ತದೆ? 1998, 2010, 2016ರಲ್ಲಿ ಸಮುದ್ರ ಕಾದು ಇಲ್ಲಿಯ ಹವಳ ಬಿಳಿಚಿಕೊಂಡು ಸತ್ತಿದೆ. ಉಳಿದದ್ದರ ಮೇಲೆ ನಾವು ಚಪ್ಪಲಿ ಊರಬೇಕೇ? ಕರ್ನಾಟಕ ಹೈಕೋರ್ಟಿನಿಂದ ಸುಪ್ರೀಂ ಕೋರ್ಟ್ ತಲುಪಿದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಸಮಿತಿ ಈ ದ್ವೀಪಗಳ ನಿರ್ವಹಣಾ ಯೋಜನೆಯನ್ನು ಪರಿಶೀಲಿಸಿತ್ತು. ದ್ವೀಪ ಎಷ್ಟು ಭಾರ ತಡೆದೀತು ಎಂಬುದೇ ಅಲ್ಲಿಯ ಮೂಲ ಪ್ರಶ್ನೆ. ನನ್ನ ಮಟ್ಟಿಗೆ, ಕಡಿಮೆ ಜನ ಹೆಚ್ಚು ದಿನ ಉಳಿಯುವುದು, ಹೆಚ್ಚು ಜನ ಐದು ತಾಸಿಗೆ ಮುಗಿಬೀಳುವುದಕ್ಕಿಂತ ಮೇಲು. ಕೋಣೆ ಕಡಿಮೆ ಇರುವುದರಿಂದ ಕೆಲವರು ಒಂದು ವರ್ಷ ಕಾಯಬೇಕಾಗಬಹುದು. ಕಾಯಲಿ.

ಹೋಗುವವರಿಗೆ ಇಷ್ಟು. ಪ್ರವೇಶ ಪರವಾನಗಿಯಿಲ್ಲದೆ ಲಕ್ಷದ್ವೀಪಕ್ಕೆ ಬಿಡುವುದಿಲ್ಲ, ಎರಡು ತಿಂಗಳ ಮೊದಲೇ ಶುರುಮಾಡಿ. ಹಡಗಿನ ದಿನ ನಮ್ಮ ಶನಿವಾರ ಭಾನುವಾರ ನೋಡಿಕೊಂಡು ಬರುವುದಿಲ್ಲ. ಮೊದಲು ಹಡಗು ಗೊತ್ತುಮಾಡಿ, ಆಮೇಲೆ ವಿಮಾನ, ಕೊನೆಗೆ ಮ್ಯಾನೇಜರ್. ಅಗತ್ತಿಗೆ ಕೊಚ್ಚಿಯಿಂದ ಸಣ್ಣ ವಿಮಾನವೂ ಇದೆ, ಸೀಟು ಕಡಿಮೆ. ಮಳೆಗಾಲದ ಯೋಚನೆ ಬೇಡ. ವಾಂತಿಯ ಮಾತ್ರೆ ಹಡಗು ಹತ್ತುವ ಮೊದಲೇ ನುಂಗಿ, ಅಲೆ ಶುರುವಾದ ಮೇಲೆ ಪ್ರಯೋಜನವಿಲ್ಲ. ಬಂಗಾರಂ ಬಿಟ್ಟರೆ ಮದ್ಯ ನಿಷಿದ್ಧ. ಹವಳದ ಚೂರನ್ನು ಜೇಬಿಗಿಳಿಸಿದರೆ ವನ್ಯಜೀವಿ ಕಾಯ್ದೆಯಡಿ ಅಪರಾಧ, ಮಗುವಿನ ಜೇಬಾದರೂ ಅಷ್ಟೇ.

ಅಪ್ಪ ಈಗ ಕದ್ಮತ್‌ನ ಫೋಟೋ ನೋಡಿ, ತಾನೂ ಆ ಜಗಲಿಯಲ್ಲಿ ಮಲಗಬೇಕು ಎನ್ನುತ್ತಿದ್ದಾರೆ. ಅವ್ವನ ಮೊಣಕಾಲಿನ ಆಪರೇಶನ್ ಜನವರಿಯಲ್ಲಿದೆ. ದೋಣಿಗೆ ಇಳಿಯಬಹುದು ಎಂದು ಡಾಕ್ಟರು ಹೇಳಿದರೆ ಮುಂದಿನ ದೀಪಾವಳಿಗೆ ಊರಿಗೆ ಹೋಗುವ ಬದಲು ಊರನ್ನೇ ಕೊಚ್ಚಿಗೆ ಕರೆಸಿಕೊಳ್ಳುವ ಯೋಚನೆಯಿದೆ. ತಮ್ಮನಿಗೆ ಇನ್ನೂ ಹೇಳಿಲ್ಲ.